ಪ್ರತಿಕ್ರಿಯೆ: ಎನ್ ಆಂಟಿಬಾಡಿ ನೆಗೆಟಿವ್ ಬಂದರೆ ಕೊರೊನಾ ಬಂದಿಲ್ಲ ಅಂತಲೇ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್, ಲಸಿಕೆ ಎರಡು ಡೋಸ್ ಆಗಿದೆ, ರಿಪೋರ್ಟ್‌ನಲ್ಲಿ ಸ್ಪೈಕ್ (ವೈರಸ್ ಹೊರಮೈಯ ಮುಳ್ಳಿನಂಥ ಪ್ರೋಟೀನ್) ವಿರುದ್ಧದ ಆಂಟಿಬಾಡಿ, ಅಂದರೆ ದೇಹ ತಯಾರಿಸುವ ಪ್ರತಿಕಾಯ, ಪಾಸಿಟಿವ್; ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್ ಒಳಗಿನ ಪ್ರೋಟೀನ್) ವಿರುದ್ಧದ್ದು, ಅಂದರೆ ಎನ್, ನೆಗೆಟಿವ್. ಹಾಗಾದರೆ ಸೋಂಕು ತಗಲಿಯೇ ಇಲ್ವಾ ಅಂತ ಕೇಳಿದ್ದೀರಿ.

ಹಾಗೆ ಹೇಳಲು ಬರುವುದಿಲ್ಲ. ಸ್ಪೈಕ್ ಆಂಟಿಬಾಡಿ ಲಸಿಕೆಯಿಂದಲೂ ಬರುತ್ತದೆ, ಸೋಂಕಿನಿಂದಲೂ ಬರುತ್ತದೆ. ಫೈಜರ್, ಮಾಡರ್ನಾ, ಆಸ್ಟ್ರಾಜೆನೆಕಾ ಲಸಿಕೆಗಳು ದೇಹಕ್ಕೆ ತೋರಿಸುವುದು ಸ್ಪೈಕ್ ಒಂದನ್ನೇ. ಹಾಗಾಗಿ ಇವನ್ನು ಹಾಕಿಸಿಕೊಂಡವರಲ್ಲಿ ಎನ್ ಕಂಡರೆ ಅದು ಸೋಂಕಿನ ಗುರುತು. ನಿಮ್ಮದು ಕೋವ್ಯಾಕ್ಸಿನ್ ಅಥವಾ ಸೈನೊವ್ಯಾಕ್ ಆಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅವು ಇಡೀ ವೈರಸ್ಸನ್ನೇ ನಿಷ್ಕ್ರಿಯ ಮಾಡಿ ತಯಾರಿಸಿದವು, ಎನ್ ಅವುಗಳಿಂದಲೂ ಬರಬಹುದು.

ಇನ್ನು ನೆಗೆಟಿವ್ ವಿಷಯ. ಸೋಂಕಿನ ನಂತರ ಆಂಟಿಬಾಡಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1ರಿಂದ 3 ವಾರ ಬೇಕು. ಆಮೇಲೆ ಎನ್ ಕೆಲವು ತಿಂಗಳಲ್ಲೇ ಇಳಿಯುತ್ತಾ ಹೋಗುತ್ತದೆ. ಲಸಿಕೆ ಆದವರಿಗೆ ಸೋಂಕು ಹಗುರವಾಗಿ ಬಂದು ಹೋದರೆ ಕೆಲವರಲ್ಲಿ ಅದು ಏಳುವುದೇ ಇಲ್ಲ. ಸುಮ್ನೆ ನೆಗಡಿ ಅಂದುಕೊಂಡು ಡ್ಯೂಟಿ ಮಾಡಿದ ದಿನಗಳು ನಿಮಗೂ ಇರಬಹುದು!

ಸ್ಪೈಕ್ ಅಂಕಿ ಜಾಸ್ತಿ ಇದೆ ಅಂತ ಸಹೋದ್ಯೋಗಿಗಳ ಜೊತೆ ಹೋಲಿಸಬೇಡಿ. ಇಷ್ಟಿದ್ದರೆ ಸೋಂಕು ಬರುವುದೇ ಇಲ್ಲ ಎನ್ನುವ ಒಪ್ಪಿತ ಮಿತಿ ಇಲ್ಲ. ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಕೆಲಸವಂತೂ ಈ ರಿಪೋರ್ಟ್‌ನಲ್ಲಿ ಕಾಣುವುದೇ ಇಲ್ಲ. ಈಗ ಜ್ವರ, ಕೆಮ್ಮು ಇದ್ದರೆ ಆರ್‌ಟಿ-ಪಿಸಿಆರ್ ಮಾಡಿಸಿ, ಅದಕ್ಕೆ ಆಂಟಿಬಾಡಿ ಟೆಸ್ಟ್ ಆಗಿಬರುವುದಿಲ್ಲ. ಮಾಸ್ಕ್ ವಿಷಯದಲ್ಲಿ ರೋಗಿಯ ಮುಂದೆ ಎಲ್ಲರೂ ಹುಷಾರು. ಊಟದ ಕೋಣೆಯಲ್ಲಿ ಮಾಸ್ಕ್ ತೆಗೆದು ಒಟ್ಟಿಗೆ ಕೂತಾಗ ಕಿಟಕಿ ತೆರೆದಿಡಿ.