ಮಳೆಮಾಪಕದ ಲೆಕ್ಕ ಹಿಂದೆ ಬೀಳುವುದೇಕೆ?

ಪ್ರಶ್ನೆ: ಆಗುಂಬೆಯ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬಳಸಿ ಮಳೆಮಾಪಕವೊಂದನ್ನು ಕಟ್ಟಿದ್ದೇನೆ. ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಸ್ವಿಚ್ ಕ್ಷಣಮಾತ್ರ ಕೂಡಿ ಬಿಡುತ್ತದೆ. ಅದನ್ನು ನೋಡಿ 100 ಮಿಲಿಸೆಕೆಂಡು ‘ಸ್ಲೀಪ್’ ಮಾಡಿ (ಸುಮ್ಮನಿದ್ದು) ಮತ್ತೆ ನೋಡುವಂತೆ ಪ್ರೋಗ್ರಾಂ ಬರೆದಿದ್ದೇನೆ. ಗಂಟೆಗೆ 36,000 ಸಲ ನೋಡಬೇಕಾದದ್ದು 35,640ರ ಆಸುಪಾಸಿನಲ್ಲಿ ನಿಲ್ಲುತ್ತದೆ; ಎಷ್ಟೋ ಸಲ ಬಟ್ಟಲು ಮಗುಚಿದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಗಡಿಯಾರ ಕೆಟ್ಟಿದೆಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಗಡಿಯಾರ ಕೆಟ್ಟಿಲ್ಲ. ಶೇಕಡಾ 1ರಷ್ಟು ತಪ್ಪುವ ಗಡಿಯಾರ ದಿನಕ್ಕೆ 14 ನಿಮಿಷ ಹಿಂದೆ ಬೀಳುತ್ತಿತ್ತು. ಗಡಿಯಾರ ನಡೆಸುವ ಸಾಧಾರಣ ಸ್ಫಟಿಕವೂ ದಿನಕ್ಕೆ ಕೆಲವೇ ಸೆಕೆಂಡು ತಪ್ಪುತ್ತದೆ. ತೊಡಕಿರುವುದು ‘ಸ್ಲೀಪ್’ ಎಂಬ ಆದೇಶದ ಅರ್ಥದಲ್ಲಿ. ಅದು ಕೊಡುವ ಭರವಸೆ 100 ಮಿಲಿಸೆಕೆಂಡಿಗಿಂತ ಮೊದಲು ಎಬ್ಬಿಸುವುದಿಲ್ಲ ಎಂಬುದಷ್ಟೇ. ಆಮೇಲೆ ಹತ್ತಾರು ಪ್ರೋಗ್ರಾಂಗಳ ನಡುವೆ ನಿಮ್ಮ ಸರದಿ ಬರಬೇಕು. ಸ್ವಿಚ್ ನೋಡಿ ಕಡತಕ್ಕೆ ಬರೆಯುವ ಹೊತ್ತೂ ಅದಕ್ಕೆ ಸೇರುತ್ತದೆ. ಹೀಗೆ ನಿಮ್ಮ ಒಂದು ಸುತ್ತು 101 ಮಿಲಿಸೆಕೆಂಡಾಗಿದೆ. ಅಡಿಕೆ ಸುಲಿದು ತಡವಾಗಿ ಮಲಗಿದವರು ‘ಆರು ತಾಸು ಬಿಟ್ಟು ಎಬ್ಬಿಸು’ ಎಂದರೆ ಏಳುವ ಹೊತ್ತು ದಿನದಿನಕ್ಕೆ ಜಾರುತ್ತದೆ. ‘ಐದು ಗಂಟೆಗೆ ಎಬ್ಬಿಸು’ ಎಂದರೆ ಜಾರುವುದಿಲ್ಲ. ಪೈಯನ್ನು ನಡೆಸುವ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ‘ಕ್ಲಾಕ್_ನ್ಯಾನೋಸ್ಲೀಪ್’ ಎಂಬ ಆದೇಶಕ್ಕೆ ಏಳಬೇಕಾದ ಗಳಿಗೆಯನ್ನೇ ಕೊಟ್ಟು, ಪ್ರತಿ ಸುತ್ತಿನಲ್ಲೂ ಹಿಂದಿನ ಗುರಿಗೆ 100 ಮಿಲಿಸೆಕೆಂಡು ಕೂಡಿಸುತ್ತ ಹೋಗಿ. ಒಂದು ಸುತ್ತು ತಡವಾದರೂ ಆ ತಡ ಮುಂದಿನದಕ್ಕೆ ದಾಟುವುದಿಲ್ಲ.

ಆ ಗಳಿಗೆಯನ್ನು ಎಣಿಸಲು ‘ಮಾನೋಟಾನಿಕ್’ ಗಡಿಯಾರವೇ, ಅಂದರೆ ಸದಾ ಮುಂದಕ್ಕೇ ಎಣಿಸುತ್ತ ಹೋಗುವ ಒಳಗಡಿಯಾರವೇ ಬೇಕು. ಮಳೆಗಾಲದ ನಮ್ಮ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ: ಪೈ 4ರವರೆಗಿನ ಹಲಗೆಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲದ್ದರಿಂದ, ಕರೆಂಟು ಹೋಗಿ ಬಂದಾಗ ಅವು ಹಳೆಯ ಸಮಯದಿಂದಲೇ ಎದ್ದು, ಇಂಟರ್ನೆಟ್ ಸಿಕ್ಕೊಡನೆ ಸರಿಯಾದ ಸಮಯಕ್ಕೆ ಹಾರುತ್ತವೆ. ಮಾನೋಟಾನಿಕ್ ಗಡಿಯಾರ ಹಾಗೆ ಹಾರುವುದಿಲ್ಲ. ದಾಖಲೆಯಲ್ಲಿ ತಾರೀಕು ತಪ್ಪಬಾರದೆಂದರೆ ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಸಣ್ಣ ಬಿಲ್ಲೆಯನ್ನು ಜೋಡಿಸಿಕೊಳ್ಳಿ. ಅದು ತಪ್ಪುವುದು ವರ್ಷಕ್ಕೆ ಸುಮಾರು ಒಂದು ನಿಮಿಷ.

ಆದರೆ ಇಷ್ಟೆಲ್ಲ ಮಾಡಿದರೂ ತಪ್ಪಿಹೋದ ಬಟ್ಟಲುಗಳು ಸಿಗಲಾರವು. ಸ್ವಿಚ್ ಕೂಡಿರುವ ಅವಧಿ 100 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಎರಡು ನೋಟಗಳ ನಡುವೆ ಅದು ನುಸುಳಿಹೋಗುತ್ತದೆ. ನಿಜ ಹೇಳಬೇಕೆಂದರೆ, ಈ ಕೆಲಸಕ್ಕೆ ಗಳಿಗೆಗೊಮ್ಮೆ ಇಣುಕುವ ಕ್ರಮವೇ ನನಗೆ ಒಪ್ಪಿಗೆಯಲ್ಲ. ಸ್ವಿಚ್ಚಿನ ತಂತಿಗೆ ‘ಇಂಟರಪ್ಟ್’ (ಸ್ವಿಚ್ ಕೂಡಿದೊಡನೆ ಕಂಪ್ಯೂಟರನ್ನು ತಟ್ಟಿ ಎಚ್ಚರಿಸುವ ಸಂಕೇತ) ಹೊಂದಿಸಿದರೆ ಮಗುಚಿದ ಗಳಿಗೆಯನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ತಾನೇ ಗುರುತು ಹಾಕಿಡುತ್ತದೆ, ನಿಮ್ಮ ಪ್ರೋಗ್ರಾಂ ತುಸು ತಡವಾಗಿ ಓದಿದರೂ ಬಾಧಕವಿಲ್ಲ. ಸ್ವಿಚ್ಚಿನ ಲೋಹ ಅದುರಿ ಒಂದೇ ಮಗುಚುವಿಕೆ ಎರಡಾಗಿ ಕಾಣಬಹುದಾದ್ದರಿಂದ, ತೀರಾ ಬೆನ್ನಿಗೇ ಬಂದ ಗುರುತುಗಳನ್ನು ಬಿಟ್ಟು ಎಣಿಸಿ.