ಐಡಿಯಾ ಸಿಕ್ಕಿತು, ಕಥೆ ಎಲ್ಲಿ?

ಈ ಸಲದ ಅಂಕಣಕ್ಕೆ ವಿಜ್ಞಾನ ಕಥೆಗಳ ಬಗ್ಗೆ ಕೇಳಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಸ್ವತಃ ಬರೆಯುತ್ತಿರುವವರದ್ದು. ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೂ ಇಷ್ಟು ಜನ ಈ ಪ್ರಕಾರದಲ್ಲಿ ಕೈಯಾಡಿಸುತ್ತಿದ್ದಾರೆ ಎಂದು ತಿಳಿದು ನನಗೆ ತುಂಬ ಸಂತೋಷವಾಯಿತು. ಒಂದೇ ಒಂದು ಕಲ್ಪನೆಯ ಮೇಲೆ ನಿಲ್ಲುವ ಸಣ್ಣಕಥೆಗೆ ಸಂಬಂಧಪಟ್ಟ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಉಪ್ಪುನೀರು ತಾಳುವ ಕಗ್ಗ ಭತ್ತದ ಗುಣವನ್ನು ಬೇರೆ ಭತ್ತಕ್ಕೆ ಸೇರಿಸಿ, ಸಮುದ್ರದ ನೀರಿನಲ್ಲೇ ಬೆಳೆಯುವ ತಳಿಯನ್ನು 2060ರಲ್ಲಿ ಒಬ್ಬ ವಿಜ್ಞಾನಿ ಕಂಡುಹಿಡಿಯುವ ಕಥೆ ಬರೆದೆ. ಓದಿದವರೆಲ್ಲ ‘ಐಡಿಯಾ ಚೆನ್ನಾಗಿದೆ, ಆದರೆ ಲೇಖನ ಓದಿದ ಹಾಗಾಯಿತು’ ಅಂದರು. ಐಡಿಯಾವೇ ಮುಖ್ಯವಾದ ಕಥೆಗೆ ಪಾತ್ರಗಳು ಅಷ್ಟೊಂದು ಬೇಕೇ? (ಓದುಗರು, ಕುಮಟಾ)

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಅದು ಲೇಖನದ ಹಾಗೆ ಆಗಿರುವುದು ಪಾತ್ರಗಳು ಕಡಿಮೆಯಾಗಿ ಅಲ್ಲ, ಏಳು ಪಾತ್ರಗಳಿವೆ. ತೊಡಕಿರುವುದು ಕಥೆ ಮುಗಿಯುವ ಜಾಗದಲ್ಲಿ. ತಳಿ ಸಿಕ್ಕಿತು, ಸಭೆಯಲ್ಲಿ ಚಪ್ಪಾಳೆ ಬಿತ್ತು ಎಂಬಲ್ಲಿ ನಿಲ್ಲಿಸಿದ್ದೀರಿ. ಕಥೆ ಅಲ್ಲಿಂದ ಶುರುವಾಗಬೇಕಿತ್ತು.

ನಿಮಗೆ ಗೊತ್ತಿರುವುದನ್ನೇ ಒಮ್ಮೆ ನೆನಪಿಸಿಕೊಳ್ಳೋಣ. ಅಘನಾಶಿನಿ ಅಳಿವೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ನಡುವೆ ಉಪ್ಪುನೀರು ನುಗ್ಗಿ ಕೆಲವು ದಿನ ನಿಂತರೂ ಅದು ಕೊಳೆಯುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದು ಉಬ್ಬರದ ನೀರು ಒಳಗೆ ಬಿಟ್ಟರೆ ಅದೇ ಗದ್ದೆ ಸಿಗಡಿ ಮತ್ತು ಮೀನಿನ ತಾಣ. ಅಂದರೆ ಕಗ್ಗ ಉಪ್ಪನ್ನು ತಾಳಿಕೊಳ್ಳುತ್ತದೆ, ಉಪ್ಪಿನಲ್ಲೇ ಹುಟ್ಟಿ ಬೆಳೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅದರಲ್ಲಿ ಭತ್ತ ಬಿತ್ತಿ ಬೆಳೆಯುವುದು ಬೇರೆಯೇ ಮಾತು. ಆ ಅಂತರವನ್ನು ದಾಟಿದ್ದೇ ನಿಮ್ಮ ಕಥೆಯ ಸುಳ್ಳು. ಒಂದು ಸುಳ್ಳಿಗೆ ಓದುಗರು ತಕರಾರು ಮಾಡುವುದಿಲ್ಲ. ಆದರೆ ಅದನ್ನು ಒಪ್ಪಿಕೊಂಡ ಮೇಲೆ ಮುಂದಿನದೆಲ್ಲ ನಿಜವಿರಬೇಕು ಎಂದು ಬಯಸುತ್ತಾರೆ. ಅದು ಅವರ ಹಕ್ಕು.

ಹಾಗಾದರೆ ಮುಂದೇನು? ಮೊದಲು ಹೋಗುವುದು ಕಟ್ಟೆ. ಉಪ್ಪುನೀರು ತಡೆಯುವ ಕಾರಣವೇ ಇಲ್ಲವೆಂದ ಮೇಲೆ ಕಟ್ಟೆ ರಿಪೇರಿಗೆ ಯಾರು ದುಡ್ಡು ಕೊಡುತ್ತಾರೆ? ಕಟ್ಟೆ ಹೋದರೆ ಬಾಗಿಲೂ ಹೋಯಿತು, ಬಾಗಿಲಿಗೆ ಬಲೆ ಒಡ್ಡಿ ಹಿಡಿಯುತ್ತಿದ್ದ ಮೀನೂ ಹೋಯಿತು. ವರ್ಷಪೂರ್ತಿ ಭತ್ತ ನಿಂತ ಗದ್ದೆಯಲ್ಲಿ ಸಿಗಡಿಯ ಸರದಿ ಯಾವಾಗ? ಅಷ್ಟರಲ್ಲಿ ಘಟ್ಟದ ಮೇಲೆ ಹಳಿಯಾಳ, ಮುಂಡಗೋಡದ ರೈತರು ಮಳೆ ನಂಬಿ ಬೆಳೆದ ಭತ್ತವನ್ನು ಯಾರೂ ಕೇಳದ ಹಾಗೆ ಆಗಿರುತ್ತದೆ. ಕಗ್ಗದ ಗುಣ ಕೊಟ್ಟ ಬೀಜ ಅಳಿವೆಯ ಹಳ್ಳಿಗಳದ್ದು, ಹೊಸ ಬೀಜ ಮಾತ್ರ ಪ್ಯಾಕೆಟ್ಟಿನಲ್ಲಿ ಬರುತ್ತದೆ.

ಇನ್ನೂ ಒಂದು ಹೆಜ್ಜೆ ಹೋಗಿ. ಸಮುದ್ರದಲ್ಲಿ ಭತ್ತ ಬೆಳೆಯುವುದಾದರೆ ಸಮುದ್ರವೂ ಗದ್ದೆಯೇ. ಗದ್ದೆಗೆ ಪಹಣಿ ಬೇಕು. ಇವತ್ತು ಸಮುದ್ರಕ್ಕೆ ಪಹಣಿ ಇಲ್ಲ. ನಿಮ್ಮ 2060ರಲ್ಲಿ ಬರಲೇಬೇಕು. ಆಗ ಒಬ್ಬ ಸರ್ವೇಯರ್ ಸರಪಳಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾನೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಹೆಚ್ಚು ಏರುತ್ತದೆ, ಅಷ್ಟಮಿಯ ಹೊತ್ತಿಗೆ ಕಡಿಮೆ. ಆತ ಗಡಿಕಲ್ಲನ್ನು ಎಲ್ಲಿ ನೆಡಬೇಕು? ಕಲ್ಲಿನ ಈಚೆ ಒಂದು ಕುಟುಂಬ, ಆಚೆ ಅದರ ದಾಯಾದಿಗಳು. ನಿಮ್ಮ ಪತ್ರ ಓದಿ ನಾನು ಅತಿ ಹೆಚ್ಚು ಹೊತ್ತು ಯೋಚಿಸಿದ್ದು ಈ ಸರ್ವೇಯರನ ಬಗ್ಗೆಯೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಐಡಿಯಾ ಕಥೆಯ ಪಾತ್ರಕ್ಕೆ ಬಾಲ್ಯ, ಮದುವೆ, ಅಪ್ಪನ ಮೇಲಿನ ಸಿಟ್ಟು ಇವೆಲ್ಲ ಬೇಕೆಂದೇನಿಲ್ಲ. ಆದರೆ ಆ ಐಡಿಯಾ ಬಂದದ್ದರಿಂದ ಏನನ್ನೋ ಕಳೆದುಕೊಳ್ಳುವ, ಇಲ್ಲವೇ ಬೇಡದ್ದನ್ನು ಪಡೆಯುವ ಒಬ್ಬರು ಬೇಕೇ ಬೇಕು. ವಿಜ್ಞಾನಿಯನ್ನು ಬಿಡಿ. ನಲವತ್ತು ವರ್ಷ ಗಜನಿಯ ಬಾಗಿಲು ಕಾದ ಒಬ್ಬ ಹೆಂಗಸನ್ನು ತೆಗೆದುಕೊಳ್ಳಿ. ಚಂದ್ರನನ್ನು ನೋಡಿ ನೀರು ಎಷ್ಟು ಏರುತ್ತದೆ ಎಂದು ಬೆರಳು ಮಡಿಸಿ ಹೇಳುವವಳು. ಹೊಸ ತಳಿಯ ಮೂಟೆ ತಂದ ಹುಡುಗನಿಗೆ ಅವಳು, ‘ತಮಾ, ಈ ಬತ್ತಕ್ಕೆ ಬಾಗಿಲು ಹಾಕೂದೂ ಬೇಡ, ತೆಗೆಯೂದೂ ಬೇಡ. ಹಂಗಾರೆ ನಾ ಏನ್ ಮಾಡ್ಲಿ?’ ಎಂದು ಕೇಳಿದರೆ, ನಿಮ್ಮ ಎಂಟು ಪುಟಗಳ ವಿವರಣೆ ಆ ಒಂದು ಮಾತಿನೊಳಗೆ ಬಂದು ಕೂರುತ್ತದೆ.

ಪ್ರಶ್ನೆ: ರಾಕೆಟ್ ಉಡಾವಣೆ, ಪ್ರಯೋಗಾಲಯ ಏನೂ ಇಲ್ಲದ ನಮ್ಮ ಕಡೆ ವಿಜ್ಞಾನ ಕಥೆಗೆ ವಸ್ತು ಎಲ್ಲಿಂದ ತರುವುದು? ಇನ್ನೊಂದು ಮಾತು, ಕಥೆಯಲ್ಲಿ ವಿಜ್ಞಾನ ಎಷ್ಟು ಸರಿ ಇರಬೇಕು? ನಾನು ಅಡಿಕೆ ಬೆಳೆಗಾರ, ಪಿ.ಯು.ಸಿ.ವರೆಗೆ ಓದಿದವ. (ಓದುಗರು, ಶಿರಸಿ)

ನೀವು ಪತ್ರದ ಕೊನೆಯಲ್ಲಿ, ಮಳೆ ಬಿಡದೆ ಈ ವರ್ಷ ಎರಡನೇ ಸಲ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಆಗಲಿಲ್ಲ, ಬೆಳೆ ವಿಮೆಯ ಮಳೆ ಲೆಕ್ಕವೂ ನಮ್ಮ ತೋಟದ ಮಳೆಯೂ ಹೊಂದುವುದಿಲ್ಲ ಎಂದು ಬರೆದಿದ್ದೀರಿ. ವಸ್ತು ಅಲ್ಲೇ ಇದೆ.

ನಿಮ್ಮ ಒಂದೊಂದು ತೋಟದ ಮೇಲೆ ಯಾವ ದಿನ ಎಷ್ಟು ಮಿಲಿಮೀಟರ್ ಮಳೆ ಬೀಳುತ್ತದೆ ಎಂದು ಆರು ತಿಂಗಳು ಮೊದಲೇ, ತಪ್ಪಿಲ್ಲದೆ ಹೇಳುವ ಯಂತ್ರ ಬಂತು ಎಂದುಕೊಳ್ಳಿ. ಮೊದಲ ವರ್ಷ ಹಬ್ಬ. ಮಳೆ ಬಿಡುವು ಕೊಡುವ ದಿನ ಗೊತ್ತು, ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ ಮೊದಲೇ ತಂದಿಟ್ಟಾಯಿತು, ಮರ ಹತ್ತಿ ಹೊಡೆಯುವ ಕೊನೆಗೌಡನಿಗೂ ಹೇಳಿಯಾಯಿತು. ಆದರೆ ಸುತ್ತಲಿನ ಎಲ್ಲ ತೋಟಗಳಿಗೂ ಬಿಡುವು ಅದೇ ಎರಡು ದಿನ. ಮರ ಹತ್ತುವವರು ನಾಲ್ಕೇ ಜನ. ಆ ಎರಡು ದಿನದ ಕೂಲಿ ಎಷ್ಟಾಗುತ್ತದೆ?

ಎರಡನೇ ವರ್ಷ ವಿಮೆ ಇಲ್ಲ. ಏನಾಗುತ್ತದೋ ಗೊತ್ತಿಲ್ಲ ಎಂಬುದರ ಮೇಲೆ ನಿಂತದ್ದು ವಿಮೆ. ಎಲ್ಲ ಗೊತ್ತಾದ ಮೇಲೆ ಕೊಳೆ ಬರುವ ತೋಟಕ್ಕೆ ಯಾರೂ ವಿಮೆ ಕೊಡುವುದಿಲ್ಲ, ಬಾರದ ತೋಟದವ ಕಟ್ಟುವುದಿಲ್ಲ. ಮೂರನೇ ವರ್ಷ ಸೊಸೈಟಿಯಲ್ಲಿ ಸಾಲ ಕೇಳಲು ಹೋದವನಿಗೆ ಕಾರ್ಯದರ್ಶಿ ಕಂಪ್ಯೂಟರ್ ತಿರುಗಿಸಿ ತೋರಿಸುತ್ತಾನೆ: ‘ನೋಡು ಭಾವ, ಆಗಸ್ಟಿನಲ್ಲಿ ನಿನ್ನ ತೋಟ ಉಳಿಯೋದಿಲ್ಲ.’ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಇಬ್ಬರದೂ ತಪ್ಪಿಲ್ಲ.

ವಿಜ್ಞಾನ ಎಷ್ಟು ಸರಿ ಇರಬೇಕು ಎಂಬುದಕ್ಕೂ ಉತ್ತರ ಇದೇ ಕಥೆಯಲ್ಲಿದೆ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಕಂಪ್ಯೂಟರಿನಲ್ಲಿ ಒಂದು ಲೆಕ್ಕವನ್ನು ಮತ್ತೆ ಓಡಿಸುವಾಗ 0.506127 ಎಂಬುದರ ಬದಲು 0.506 ಎಂದು ಹಾಕಿದರು. ಕೂದಲೆಳೆಯ ವ್ಯತ್ಯಾಸ. ಸ್ವಲ್ಪ ಹೊತ್ತು ಎರಡೂ ಲೆಕ್ಕಗಳು ಜೊತೆಯಾಗಿ ಸಾಗಿ, ಆಮೇಲೆ ಎರಡು ಬೇರೆಯೇ ಹವಾಮಾನಗಳಾದವು. ಗಾಳಿಯ ಇವತ್ತಿನ ಸ್ಥಿತಿಯನ್ನು ನಾವು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಅಳತೆಯಲ್ಲಿ ಉಳಿದ ಸಣ್ಣ ತಪ್ಪು ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ದಿನದಿನದ ನಿಖರ ಮುನ್ಸೂಚನೆಗೆ ಸುಮಾರು ಎರಡು ವಾರದ ಮಿತಿ ಇದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ನಿಮ್ಮ ಯಂತ್ರ ಮುರಿಯುವುದು ಈ ಮಿತಿಯನ್ನು. ಹೇಗೆ ಮುರಿಯಿತು ಎಂದು ಕಥೆಯಲ್ಲಿ ವಿವರಿಸಬೇಕಿಲ್ಲ. ಯಾವುದನ್ನು ಮುರಿಯುತ್ತಿದ್ದೇನೆ ಎಂಬುದು ಬರೆಯುವ ನಿಮಗೆ ಗೊತ್ತಿರಬೇಕು. ಗೊತ್ತಿದ್ದರೆ ಇನ್ನೊಂದು ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಮುನ್ಸೂಚನೆ ಕೇಳಿ ಜನ ಮರ ಕಡಿದರೆ, ಕೆರೆ ತುಂಬಿಸಿದರೆ, ಆ ಸಣ್ಣ ಬದಲಾವಣೆಯಿಂದ ಮಳೆಯೇ ಬದಲಾಗುವುದಿಲ್ಲವೇ? ಹಾಗಾದರೆ ಯಂತ್ರ ಸರಿಯಾಗಿರಬೇಕಾದರೆ ಅದರ ಮಾತನ್ನು ಯಾರಿಗೂ ಹೇಳಬಾರದು. ಇದು ನೀವು ಬರೆಯಲೇಬೇಕಾದ ಕಥೆ. ಪಿ.ಯು.ಸಿ. ಓದು ಧಾರಾಳ ಸಾಕು. ತೋಟದ ಅನುಭವ ನಿಮಗಿದೆ, ಅದು ನನಗಿಲ್ಲ.

ಪ್ರಶ್ನೆ: ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕಾರವಾರದ ಕನ್ನಡ. ಆದರೆ ಕಥೆಯಲ್ಲಿ ಅನ್ಯಗ್ರಹದವರು ಬಂದ ಕೂಡಲೇ ನನ್ನ ಭಾಷೆ ಪುಸ್ತಕದ ಕನ್ನಡವಾಗಿಬಿಡುತ್ತದೆ. ಏನು ಮಾಡಲಿ? (ಓದುಗರು, ಕಾರವಾರ)

ಮನುಷ್ಯರು ಕಾರವಾರದ ಹಾಗೇ ಮಾತಾಡಲಿ, ಕೊಂಕಣಿ ಬಂದಲ್ಲಿ ಕೊಂಕಣಿ ಇರಲಿ. ‘ಅಂತರಿಕ್ಷ ನೌಕೆ’ ಎಂದು ಬಂದರಿನಲ್ಲಿ ಯಾರೂ ಅನ್ನುವುದಿಲ್ಲ, ರಾಕೆಟ್ ಎಂದೇ ಬರೆಯಿರಿ.

ಆದರೆ ಅನ್ಯಗ್ರಹದವರ ಪುಸ್ತಕದ ಕನ್ನಡಕ್ಕೆ ಒಂದು ಚೆಂದದ ಕಾರಣ ಸಿಗಬಹುದು. 1977ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ, ಅವುಗಳಲ್ಲಿ ಕನ್ನಡವೂ ಒಂದು: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ವಾಯೇಜರ್ 1 ಈಗ ನಮ್ಮಿಂದ 2,400 ಕೋಟಿ ಕಿಲೋಮೀಟರಿಗೂ ದೂರ ಹೋಗಿದೆ. ಯಾರಾದರೂ ಅದನ್ನು ಹಿಡಿದು ಕೇಳಿ, ದೇವಬಾಗದ ಮರಳಿನ ಮೇಲೆ ಬಂದಿಳಿದರೆ, ಅವರಿಗೆ ಗೊತ್ತಿರುವ ಕನ್ನಡ ಅಷ್ಟೇ. ಆ ನಾಲ್ಕು ಪದಗಳಲ್ಲೇ ಅವರು ಹಸಿವು, ಭಯ, ಬೇಡಿಕೆ ಎಲ್ಲವನ್ನೂ ಹೇಳಬೇಕು. ಬಲೆ ಎಳೆಯುತ್ತ ನಿಂತವರಿಗೆ ‘ಪರವಾಗಿ’ ಎಂದು ಒಬ್ಬ ಅಳುತ್ತಾ ಕೂಗಿದರೆ ಅವರಿಗೆ ಏನರ್ಥವಾದೀತು?

ಪ್ರಶ್ನೆ: 2015ರಲ್ಲಿ, ಊರವರ ಪರವಾಗಿ ಅರ್ಜಿ ಬರೆದುಕೊಡುವ ಯಂತ್ರದ ಬಗ್ಗೆ ಕಥೆ ಬರೆದು ಇಟ್ಟಿದ್ದೆ. ಈಗ ಅದು ಎಲ್ಲರ ಮೊಬೈಲಿನಲ್ಲಿದೆ. ಕಥೆ ಹಳತಾಯಿತಲ್ಲ, ಹರಿದುಹಾಕಲೇ? (ಓದುಗರು, ಹೊನ್ನಾವರ)

ಹರಿಯಬೇಡಿ. 1945ರಲ್ಲಿ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಒಂದು ಲೇಖನ ಬರೆದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ಮೇಲೆ ಸುತ್ತುವ ಉಪಗ್ರಹ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅಂಥ ಮೂರಿದ್ದರೆ ಇಡೀ ಲೋಕಕ್ಕೆ ಸಂದೇಶ ಕಳಿಸಬಹುದು ಎಂಬುದು ಅವರ ಲೆಕ್ಕ. ಲೆಕ್ಕ ನಿಜವಾಯಿತು. ಆದರೆ ಅವರ ಕಲ್ಪನೆಯ ನಿಲ್ದಾಣಗಳಲ್ಲಿ ಮನುಷ್ಯರಿದ್ದರು. ರೇಡಿಯೋ ವಾಲ್ವು ಸುಟ್ಟುಹೋದರೆ ಬದಲಿಸಲು ಯಾರಾದರೂ ಬೇಕಲ್ಲ! ವಾಲ್ವಿನ ಜಾಗಕ್ಕೆ ಬಂದ ಟ್ರಾನ್ಸಿಸ್ಟರ್ ಆಗಿನ್ನೂ ಹುಟ್ಟಿರಲಿಲ್ಲ. ಇವತ್ತು ನನಗೆ ಆ ಲೆಕ್ಕಕ್ಕಿಂತ ಹೆಚ್ಚು ಕಾಡುವುದು, ಅಷ್ಟೆತ್ತರದಲ್ಲಿ ವಾಲ್ವು ಬದಲಿಸುತ್ತ ಕೂತಿರಬೇಕಾಗಿದ್ದ ಆ ಒಬ್ಬ ಮನುಷ್ಯ.

ನಿಮ್ಮ ಕಥೆಯಲ್ಲೂ ಅಂಥವನಿದ್ದಾನೆ: ತಾಲ್ಲೂಕು ಕಚೇರಿಯ ಎದುರು ಕೂತು ಅರ್ಜಿ ಬರೆಯುವ ಮುದುಕ. ಅವನು ಅರ್ಜಿದಾರರ ಮನೆಯ ಕಷ್ಟವೆಲ್ಲ ಕೇಳಿ ಒಂದೇ ವಾಕ್ಯ ಬರೆಯುತ್ತಿದ್ದ, ಯಂತ್ರ ಏನೂ ಕೇಳದೆ ಎರಡು ಪುಟ ಬರೆಯುತ್ತದೆ ಎಂದು ಹತ್ತು ವರ್ಷದ ಹಿಂದೆಯೇ ಗುರುತಿಸಿದ್ದೀರಿ. ಯಂತ್ರ ಕೆಲಸ ಮಾಡುವ ಬಗೆಯ ಪುಟಗಳನ್ನು ತೆಗೆಯಿರಿ, ಅವು ಮಾತ್ರ ಹಳತಾಗಿವೆ.

ಪ್ರಶ್ನೆ: ನಾನು ಎಂಜಿನಿಯರ್. ಕಥೆ ಬರೆಯುತ್ತೇನೆ ಎಂದು ಗೊತ್ತಾದರೆ ಜೊತೆಯವರು ಹಗುರವಾಗಿ ನೋಡುತ್ತಾರೆ ಎಂಬ ಅಳುಕು. ಬೇರೆ ಹೆಸರಿನಲ್ಲಿ ಬರೆಯುವುದು ತಪ್ಪೇ? (ಓದುಗರು, ಮಲ್ಲಾಪುರ)

ತಪ್ಪಿಲ್ಲ. ಜಯಂತ ವಿಷ್ಣು ನಾರ್ಳೀಕರ್ ಹೆಸರಾಂತ ಖಗೋಳ ವಿಜ್ಞಾನಿಯಾಗಿದ್ದಾಗಲೇ, 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಥೆ ಕಳಿಸಿದ್ದರು. ತಮ್ಮ ಹೆಸರು ನೋಡಿ ಬಹುಮಾನ ಕೊಡುವುದು ಬೇಡ ಎಂದು ಇನಿಶಿಯಲ್‌ಗಳನ್ನು ಹಿಂದುಮುಂದು ಮಾಡಿ ನಾರಾಯಣ ವಿನಾಯಕ ಜಗತಾಪ್ ಆದರು. ಕೈಬರಹ ಗುರುತು ಸಿಗದಿರಲಿ ಎಂದು ಪತ್ನಿಯಿಂದ ಬರೆಸಿದರು. ಬಹುಮಾನ ಬಂತು. ಆಮೇಲೆ ಸ್ವಂತ ಹೆಸರಿನಲ್ಲೇ ಬಹಳ ಬರೆದರು.

ನೀವು ಕೈಗಾ ಅಣುವಿದ್ಯುತ್ ಸ್ಥಾವರದ ಬಳಿಯಲ್ಲೇ ಇರುವುದರಿಂದ ಒಂದು ವಸ್ತು ಹೇಳುತ್ತೇನೆ. ಕೈಗಾದ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ, ಪಾಳಿ ಮೇಲೆ ಪಾಳಿ, ಮೀಟರಿನ ಅಲುಗಬಾರದ ಮುಳ್ಳನ್ನು ನೋಡುತ್ತ ಕೂತವರಿದ್ದರು. ಅಂಥ ಒಂದು ಯಂತ್ರ 962 ದಿನವಲ್ಲ, 962 ವರ್ಷ ಓಡಬೇಕಾಗಿ ಬಂದರೆ, ಆ ಕುರ್ಚಿಯಲ್ಲಿ ಕೂರುವವರನ್ನು ಹೇಗೆ ಬೆಳೆಸಬೇಕು? ಏನೂ ಆಗದಂತೆ ನೋಡಿಕೊಳ್ಳುವುದೇ ಕೆಲಸ ಎಂದು ಮೂವತ್ತನೇ ತಲೆಮಾರಿನ ಮಗುವಿಗೆ ಯಾವ ಮಾತಿನಲ್ಲಿ ಹೇಳಿಕೊಡಬೇಕು? ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬರು ಎದ್ದು ಇನ್ನೊಬ್ಬರು ಕೂರುವಾಗ ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕಥೆಯನ್ನು ಅಲ್ಲಿಂದ ಶುರುಮಾಡಿ, ಯಾವ ಹೆಸರಿನಲ್ಲಾದರೂ ಕಳಿಸಿ. ನಾನು ಓದುತ್ತೇನೆ.