ಬಾವಲಿ ಉಳಿಸುವುದಾ, ಬಾವಲಿಯಲ್ಲಿರುವ ವೈರಸ್ ಹುಡುಕುವುದಾ?

ನೀವು ಕೇಳಿದ್ದು ಇಷ್ಟು: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಯುತ್ತಾ ಬಂತು, ಇನ್ನು ವನ್ಯಜೀವಿ ಸಂರಕ್ಷಣೆಗೆ ಹೋಗಲಾ, ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳ ಸಂಶೋಧನೆಗೆ ಹೋಗಲಾ, ಎರಡನ್ನೂ ಒಬ್ಬರೇ ಮಾಡೋಕೆ ಆಗುತ್ತಾ?

ಆಗುತ್ತದೆ. ನಾನು ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಸಂರಕ್ಷಣೆಯವರು ನನ್ನನ್ನು ‘ವೈರಸ್‌ನವನು’ ಅನ್ನುತ್ತಾರೆ, ಲ್ಯಾಬಿನವರು ‘ಕಾಡಿನವನು’ ಅನ್ನುತ್ತಾರೆ. ಅದೊಂದು ಅಭ್ಯಾಸವಾಗಿಬಿಟ್ಟಿದೆ.

ನಾನು ಶುರು ಮಾಡಿದ್ದು ಬಾವಲಿ ಎಣಿಸುವುದರಿಂದ. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಹಗಲೆಲ್ಲ ಒಂದೇ ಮರದಲ್ಲಿ ನೂರಾರು ನೇತಾಡುತ್ತಿರುತ್ತವೆ. ಅವು ಸಂಜೆ ಹೊರಡುವಾಗ ಆಕಾಶದ ಒಂದು ಭಾಗ ಆರಿಸಿಕೊಂಡು, ಅದನ್ನು ದಾಟಿದ್ದನ್ನೆಲ್ಲ ಕೈಯಲ್ಲಿರುವ ಕೌಂಟರ್ ಒತ್ತುತ್ತಾ ಎಣಿಸಬೇಕು. ನಲವತ್ತು ನಿಮಿಷ ಕತ್ತು ಮೇಲೆ. ಐದು ವರ್ಷ ಇದೇ ಕೆಲಸ. ಯಾವ ತಿಂಗಳಲ್ಲಿ ಮರಿ ಹಾಕುತ್ತವೆ, ಯಾವ ಮರ ಹೂಬಿಟ್ಟಾಗ ಎತ್ತ ಹೋಗುತ್ತವೆ, ಎಲ್ಲ ನನ್ನ ನೋಟ್‌ಬುಕ್‌ನಲ್ಲಿತ್ತು. ಒಂದು ದಿನ ವೈರಸ್ ಸಂಶೋಧಕರ ತಂಡವೊಂದು ಹುಡುಕಿಕೊಂಡು ಬಂತು. ಅವರ ಹತ್ತಿರ ಒಳ್ಳೊಳ್ಳೆ ಯಂತ್ರಗಳಿದ್ದವು. ಬೇಕಾಗಿದ್ದದ್ದು ನನ್ನ ನೋಟ್‌ಬುಕ್. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಯಿಂದ ಬಂದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಅಂಶಗಳು, ನಿಧಾನವಾಗಿ ಕರಗುತ್ತವೆ. ಆಮೇಲೆ ಅವಕ್ಕೆ ಸೋಂಕು ತಗಲುವುದು ಸುಲಭ. ಆ ತಿಂಗಳು ಯಾವುದು ಅಂತ ಯಂತ್ರ ಹೇಳುವುದಿಲ್ಲ. ಹೀಗೆ ಅವರ ಜೊತೆ ಸೇರಿಕೊಂಡೆ.

ಕೆಲಸ ಹೇಗಿರುತ್ತದೆ ಅಂದರೆ, ಕತ್ತಲಾಗುವ ಮೊದಲು ಕಂಬಗಳ ನಡುವೆ ಮಿಸ್ಟ್ ನೆಟ್ ಎತ್ತಿ ಕಟ್ಟುತ್ತೇವೆ. ಕೂದಲಿನಷ್ಟು ತೆಳ್ಳಗಿನ ನೂಲಿನ ಬಲೆ. ಆಮೇಲೆ ಕಾಯುವುದು. ಬಾವಲಿ ಸಿಕ್ಕಿದರೆ ದಪ್ಪ ಚರ್ಮದ ಗ್ಲೌಸ್ ಹಾಕಿ, ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ ಬಿಡಿಸಬೇಕು. ಅದು ಅಷ್ಟೊತ್ತಿಗೆ ಗ್ಲೌಸ್ ಕಚ್ಚಿ ಹಿಡಿದಿರುತ್ತದೆ. ಬಟ್ಟೆ ಚೀಲದಲ್ಲಿ ಹಾಕಿ ತೂಕ, ಮುಂಗೈ ಮೂಳೆಯ ಅಳತೆ, ಗಂಟಲಿನಿಂದ ಸ್ವಾಬ್, ರೆಕ್ಕೆಯ ಸಣ್ಣ ರಕ್ತನಾಳದಿಂದ ನಾಲ್ಕೈದು ಹನಿ ರಕ್ತ. ಹಿಡಿದಿರುವಷ್ಟು ಹೊತ್ತೂ ಹೆಬ್ಬೆರಳಿನ ಕೆಳಗೆ ಅದರ ಎದೆ ಹೊಡೆದುಕೊಳ್ಳುವುದು ಗೊತ್ತಾಗುತ್ತದೆ. ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದರೆ ಏನೂ ತೆಗೆಯದೆ ತಕ್ಷಣ ಬಿಡುತ್ತೇವೆ. ಬಿಡುವ ಮುಂಚೆ ಸಿರಿಂಜಿನಲ್ಲಿ ಹಣ್ಣಿನ ರಸ ಕುಡಿಸುತ್ತೇವೆ. ಕೋಪದಲ್ಲಿ ಕಿರುಚುತ್ತಿದ್ದದ್ದು ರಸ ಬಾಯಿಗೆ ಬಿದ್ದ ಕೂಡಲೇ ಸುಮ್ನೆ ನೆಕ್ಕತೊಡಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ನಗು ಬರುತ್ತದೆ.

ಸ್ವಾಬ್‌ಗಳಲ್ಲಿ ಬಹುಪಾಲು ನೆಗೆಟಿವ್. ಒಂದು ಇಡೀ ಋತು ಓಡಾಡಿ ಒಂದೂ ಪಾಸಿಟಿವ್ ಸಿಗದೆ ಹೋದದ್ದಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಗುಹೆಗೆ ನುಗ್ಗಿ ವೈರಸ್ ಹಿಡಿದು ತರುವುದೆಲ್ಲ ಇಲ್ಲ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. 1998ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕುವವರಿಗೆ ಮಿದುಳು ಜ್ವರ ಶುರುವಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 10 ಲಕ್ಷ ಹಂದಿಗಳನ್ನು ಕೊಂದರು. ಅದೇ ನಿಪಾ ವೈರಸ್. ಹಂದಿಗಳಿಗೆ ಎಲ್ಲಿಂದ ಬಂತು ಅಂತ ನೋಡಿದರೆ, ಹಂದಿ ದೊಡ್ಡಿಗಳ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ದರು. ಬಾವಲಿ ತಿಂದು ಬೀಳಿಸಿದ ಹಣ್ಣು ಸೀದಾ ಹಂದಿಗಳ ಬಾಯಿಗೆ. ವೈರಸ್ಸನ್ನು ಲ್ಯಾಬ್ ಗುರುತಿಸುತ್ತದೆ, ಸರಿ. ಮರ ಎಲ್ಲಿದೆ, ಹಣ್ಣು ಯಾರು ತಿಂದರು, ಎಂಜಲು ಎಲ್ಲಿ ಬಿತ್ತು ಅಂತ ನೋಡುವವರು ಯಾರು? ಅಲ್ಲಿ ಪ್ರಾಣಿಶಾಸ್ತ್ರದವರು ಬೇಕು.

ಬಾಂಗ್ಲಾದೇಶದಲ್ಲಿ ನಿಪಾ ಬಂದದ್ದು ಖರ್ಜೂರದ ಮರದ ಹಸಿ ರಸದಿಂದ. ರಾತ್ರಿ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ನೋಡಿದಾಗ ಬಾವಲಿಗಳು ರಸ ಇಳಿಯುವ ಜಾಗವನ್ನೇ ನೆಕ್ಕುತ್ತಿದ್ದವು. ಪರಿಹಾರವಾಗಿ ಆ ಜಾಗಕ್ಕೆ ಬಿದಿರಿನ ತಟ್ಟಿ ಕಟ್ಟಿ ನೋಡಿದರು. ತಟ್ಟಿ ಇದ್ದಲ್ಲಿ ಬಾವಲಿಗೆ ರಸ ಸಿಗಲಿಲ್ಲ. ಒಂದು ಬಾವಲಿಯನ್ನೂ ಕೊಲ್ಲಬೇಕಾಗಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಕೆಲಸ ಇಲ್ಲ.

ತದ್ವಿರುದ್ಧ ಕಥೆಯೂ ಇದೆ. ಉಗಾಂಡಾದ ಕಿಟಾಕಾ ಗಣಿಯಲ್ಲಿ 2007ರಲ್ಲಿ ಕೆಲಸಗಾರರಿಗೆ ಮಾರ್ಬರ್ಗ್ ಎಂಬ ಮಾರಕ ಜ್ವರದ ವೈರಸ್ ತಗಲಿತು. ಗಣಿಯೊಳಗಿದ್ದ ಹಣ್ಣುಬಾವಲಿಗಳನ್ನು ಪೂರ್ತಿ ನಿರ್ನಾಮ ಮಾಡಿದರು. 2012ರಲ್ಲಿ ಅದೇ ಭಾಗದಲ್ಲಿ ಮಾರ್ಬರ್ಗ್ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಗಣಿಗೆ ಹೊಸದಾಗಿ ಬಂದು ಸೇರಿದ್ದ ಬಾವಲಿಗಳನ್ನು ಪರೀಕ್ಷಿಸಿದರೆ ನೂರಕ್ಕೆ 13ರಷ್ಟರಲ್ಲಿ ವೈರಸ್. ಕೊಲ್ಲುವ ಮೊದಲು ಅದು 5ರ ಆಸುಪಾಸಿನಲ್ಲಿತ್ತು. ಖಾಲಿಯಾದ ಜಾಗಕ್ಕೆ ಹಿಂದೆ ಸೋಂಕೇ ಕಾಣದ, ಹಾಗಾಗಿ ಅದನ್ನು ತಡೆಯುವ ಶಕ್ತಿ ಇಲ್ಲದ ಹೊಸ ಬಾವಲಿಗಳು ಬಂದು ತುಂಬಿಕೊಂಡವು, ವೈರಸ್‌ಗೆ ಹಬ್ಬವಾಯಿತು ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಇದನ್ನೆಲ್ಲ ಓದಿಕೊಂಡಿದ್ದೂ ನಾನೇ ಒಮ್ಮೆ ಎಡವಿದೆ. ಒಂದು ಊರಿನಲ್ಲಿ ಬಲೆ ಕಟ್ಟುತ್ತಿದ್ದಾಗ ಒಬ್ಬ ಹುಡುಗ ಬಂದು “ಏನ್ ಸರ್, ಏನ್ ನೋಡ್ತಾ ಇದೀರಿ?” ಅಂದ. “ಇವುಗಳಲ್ಲಿ ವೈರಸ್ ಇದೆಯಾ ಅಂತ ನೋಡ್ತಿದೀವಪ್ಪ” ಅಂದೆ. ಇಷ್ಟೇ ಹೇಳಿದ್ದು. ಮೂರು ವಾರ ಬಿಟ್ಟು ಹೋದರೆ ಮರದ ಬುಡದಲ್ಲಿ ಬೂದಿ. ಟೈರ್ ಸುಟ್ಟು ಹೊಗೆ ಹಾಕಿ ಓಡಿಸಿದ್ದರು. ನಾಲ್ಕುನೂರು ಚಿಲ್ಲರೆ ಬಾವಲಿಗಳ ಲೆಕ್ಕ ಐದು ವರ್ಷದಿಂದ ಇಟ್ಟಿದ್ದ ಮರ ಅದು. ನಮ್ಮ ಸ್ವಾಬ್‌ಗಳೆಲ್ಲ ನೆಗೆಟಿವ್ ಬಂದವು. ಊರಿನವರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಮನೆಯಲ್ಲಿ ಮಕ್ಕಳಿರುವವರು ಇನ್ನೇನು ಮಾಡಿಯಾರು? ಬಾಯಿ ಜಾರಿದ್ದು ನನ್ನದು. ಈಗ ಯಾವ ಊರಿಗೆ ಹೋದರೂ ಬಲೆ ಬಿಚ್ಚುವ ಮೊದಲು ಎರಡು ದಿನ ಮಾತಿಗೇ ಇಡುತ್ತೇನೆ. ಮೊದಲು, ಬಾವಲಿ ಕಚ್ಚಿದ ಹಣ್ಣು ತಿನ್ನಬಾರದ ವಿಷಯ, ಬಾವಲಿ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬಾರದ ವಿಷಯ. ಬಾವಲಿ ಓಡಿಸಿದರೆ ಏನಾಗುತ್ತದೆ ಅನ್ನುವುದು ಆಮೇಲೆ. ವೈರಸ್ ಅನ್ನುವ ಪದ ಬರುವಷ್ಟರಲ್ಲಿ ಎರಡನೇ ದಿನದ ಸಂಜೆಯಾಗಿರುತ್ತದೆ.

ಹೆಸರೂ ಹೀಗೇ ಕೆಲಸ ಕೆಡಿಸುತ್ತದೆ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಹರಡುವುದು ಉಣುಗಿನಿಂದ. ಮಂಗಗಳೂ ನಮ್ಮ ಹಾಗೇ ಕಚ್ಚಿಸಿಕೊಂಡು, ನಮಗಿಂತ ಮೊದಲೇ ಸಾಯುತ್ತವೆ. ಕಾಡಿನಲ್ಲಿ ಮಂಗ ಸತ್ತಿದೆ ಅಂದರೆ ಅದು ನಮಗೆ ಸಿಕ್ಕ ಎಚ್ಚರಿಕೆ. ಆದರೆ ಹೆಸರಿನಿಂದಾಗಿ ತಪ್ಪೆಲ್ಲ ಮಂಗನ ತಲೆಗೆ. ‘ಉಣುಗಿನ ಜ್ವರ’ ಅಂತ ಕರೆದಿದ್ದರೆ ಎಷ್ಟೋ ಚೆನ್ನಾಗಿತ್ತು, ಅಲ್ವಾ?

ಇದೇ ರೋಗದ ಇನ್ನೊಂದು ಕಥೆ ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ. ಈ ವೈರಸ್ ರಷ್ಯಾ ಕಡೆಯ ವೈರಸ್ಸೊಂದರ ಸಂಬಂಧಿ ಅಂತ ಗೊತ್ತಾದಾಗ, ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜೊತೆ ಬಂದಿರಬಹುದಾ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕತೊಡಗಿತು. ಹಕ್ಕಿಗಳೇ ತಂದವು ಎಂದು ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅನ್ನುವ ಬಗ್ಗೆ ನಮ್ಮ ತಿಳಿವಳಿಕೆ ಎಷ್ಟೋ ಬೆಳೆಯಿತು. ರೋಗದ ದುಡ್ಡಿನಲ್ಲಿ ಹಕ್ಕಿಗಳ ಕೆಲಸ!

ರೋಗ ಪ್ರಾಣಿಯಿಂದ ಮನುಷ್ಯರ ಕಡೆಗೇ ಬರುತ್ತದೆ ಅಂದುಕೊಳ್ಳಬೇಡಿ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿ ಕಾಡಿನ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು ಸತ್ತದ್ದು ಕ್ಯಾನೈನ್ ಡಿಸ್ಟೆಂಪರ್ ಎಂಬ, ನಾಯಿಗಳಿಗೆ ಬರುವ ವೈರಸ್ ರೋಗದಿಂದ, ಬೊಟ್ಟು ಹೋದದ್ದು ಸುತ್ತಲಿನ ಊರುಗಳ ನಾಯಿಗಳತ್ತ. ಬೆಟ್ಟದ ಗೊರಿಲ್ಲಾಗಳಿಗೆ ನಮ್ಮ ನೆಗಡಿ, ಕೆಮ್ಮೇ ದೊಡ್ಡ ಅಪಾಯ. ಅದಕ್ಕೇ ಅವುಗಳ ಹತ್ತಿರ ಹೋಗುವವರು ದೂರ ನಿಲ್ಲಬೇಕು ಅನ್ನುವ ನಿಯಮ. ಇನ್ನು ಕೆಲವು ಸಲ ರೋಗ ಅಂದುಕೊಂಡದ್ದು ರೋಗವೇ ಆಗಿರುವುದಿಲ್ಲ. ರಣಹದ್ದುಗಳು ರಾಶಿರಾಶಿ ಸತ್ತಾಗ ವೈರಸ್ ಇರಬೇಕೆಂದೇ ಹಲವರು ಹುಡುಕಿದರು. 2004ರಲ್ಲಿ ಸಿಕ್ಕ ಕಾರಣ, ದನಗಳಿಗೆ ಕೊಡುತ್ತಿದ್ದ, ಆ ದನಗಳ ಹೆಣ ತಿಂದಾಗ ಹದ್ದುಗಳ ಹೊಟ್ಟೆ ಸೇರುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ.

ಏನು ಕಲಿಯಬೇಕು ಅಂತ ಕೇಳುತ್ತೀರಿ, ಗೊತ್ತು. ಸಂಖ್ಯಾಶಾಸ್ತ್ರ. ನಿಜವಾಗಿ ಹೇಳುತ್ತಿದ್ದೇನೆ, ವೈರಸ್ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಯನ್ನು ಎರಡು ತಿಂಗಳಲ್ಲಿ ಕಲಿಸಬಹುದು, ಆದರೆ ಮುನ್ನೂರು ನೆಗೆಟಿವ್ ಬಂದರೆ ಅದರ ಅರ್ಥವೇನು ಅಂತ ಹೇಳಬಲ್ಲವರು ಕಡಿಮೆ. ಆರ್ (R) ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿಸಿಕೊಳ್ಳಿ. ಪಶುವೈದ್ಯರ ಜೊತೆ ಕೆಲಸ ಮಾಡಿ, ಅವರಿಗಿಂತ ನನಗೆ ಜಾಸ್ತಿ ಗೊತ್ತು ಅನ್ನುವ ಭಾವನೆ ಬೇಡ. ಅನುಮತಿ ಪತ್ರಗಳಿಗೆ ಎಷ್ಟೋ ತಿಂಗಳು ಹೋಗುತ್ತದೆ, ಅದನ್ನೂ ಕೆಲಸದ ಭಾಗ ಅಂತಲೇ ಲೆಕ್ಕ ಹಾಕಿ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ನಿಲ್ಲುತ್ತದೆ, ನನಗೆ ಎರಡು ಸಲ ಹಾಗಾಗಿದೆ. ದೊಡ್ಡ ರೋಗ ಬಂದಾಗ ಎಲ್ಲೆಲ್ಲಿಂದಲೋ ಹಣ ಬರುತ್ತದೆ, ಸುದ್ದಿ ತಣ್ಣಗಾದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಯಾವುದಾದರೂ ತಂಡ ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ. ರೇಬೀಸ್ ಲಸಿಕೆ ಹಾಕಿಸದೆ ಬಾವಲಿ ಮುಟ್ಟಲು ಬಿಡುತ್ತೀರಾ? ಬಿಡುತ್ತೇವೆ ಅಂದರೆ ವಾಪಸ್ ಬನ್ನಿ. ಸ್ಯಾಂಪಲ್ ತೆಗೆದ ಮರಕ್ಕೆ ಮುಂದಿನ ವರ್ಷವೂ ಎಣಿಸಲು ಹೋಗುತ್ತೀರಾ? ಹೋಗುತ್ತೇವೆ ಅಂದರೆ ಸೇರಿಕೊಳ್ಳಿ. ಅಂದಹಾಗೆ, ಹೊಗೆ ಹಾಕಿದ ಆ ಮರಕ್ಕೆ ನಾನು ಈಗಲೂ ಹೋಗುತ್ತೇನೆ. ಹೋದ ಸಲ ಎಣಿಸಿದಾಗ ಮೂವತ್ತೊಂದು ಇದ್ದವು.